ವೆಸ್ಟಾಳ ಬೆಂಕಿ ಕಾದವರನ್ನು ಸ್ವತಂತ್ರರು ಅನ್ನಬೇಡಿ

ಪ್ರಾಚೀನ ರೋಮಿನ ವೆಸ್ಟಲ್ ಕನ್ಯೆಯರ ಮಾತು ಬಂದಾಗಲೆಲ್ಲ ಯಾರಾದರೊಬ್ಬರು "ಆ ಕಾಲಕ್ಕೇ ಎಷ್ಟು ಸ್ವತಂತ್ರವಾಗಿದ್ದ ಹೆಂಗಸರು ನೋಡಿ" ಅಂತ ಹೇಳಿಯೇ ಹೇಳುತ್ತಾರೆ. ಆ ಮಾತು ಕೇಳಿದ ಕೂಡಲೇ ನನ್ನ ಕಣ್ಣ ಮುಂದೆ ಬರುವುದು ಆರು ವರ್ಷದ ಒಂದು ಹುಡುಗಿ.

ವೆಸ್ಟಾ ಅಂದರೆ ಒಲೆಯ ದೇವತೆ, ಇಡೀ ರೋಮ್ ನಗರದ ಒಲೆ. ನಗರದ ಮುಖ್ಯ ಚೌಕವಾದ ಫೋರಂನ ಅವಳ ದುಂಡನೆಯ ಗುಡಿಯಲ್ಲಿ ಉರಿಯುತ್ತಿದ್ದ ಬೆಂಕಿಯನ್ನು ಕಾಯಲು ಒಮ್ಮೆಗೆ ಆರು ಜನ ಅರ್ಚಕಿಯರು, ಅಂದರೆ ವೆಸ್ಟಲ್‌ಗಳು, ಇರುತ್ತಿದ್ದರು. ಅವರನ್ನು ಆರಿಸುತ್ತಿದ್ದದ್ದು ಆರರಿಂದ ಹತ್ತು ವರ್ಷದ ಹೆಣ್ಣುಮಕ್ಕಳಿಂದ. ಅಪ್ಪ ಅಮ್ಮ ಇಬ್ಬರೂ ಬದುಕಿರಬೇಕು. ಮಾತು ತೊದಲಬಾರದು, ಕಿವಿ ಮಂದವಿರಬಾರದು, ಮೈಯಲ್ಲಿ ಊನವಿರಬಾರದು. ಮಹಾಪುರೋಹಿತ, ಅಂದರೆ ಪಾಂಟಿಫೆಕ್ಸ್ ಮ್ಯಾಕ್ಸಿಮಸ್, ಅಪ್ಪನ ಬಳಿ ನಿಂತ ಮಗುವಿನ ಕೈ ಹಿಡಿದು "ಅಮಾತಾ, ನಿನ್ನನ್ನು ತೆಗೆದುಕೊಳ್ಳುತ್ತಿದ್ದೇನೆ" ಅನ್ನುತ್ತಿದ್ದ. ಮಗುವಿನ ಹೆಸರು ಏನೇ ಇರಲಿ, ಆ ಗಳಿಗೆಯಲ್ಲಿ ಎಲ್ಲರೂ ಅಮಾತಾನೇ. ಯುದ್ಧದಲ್ಲಿ ಸೆರೆ ಸಿಕ್ಕವರನ್ನು ಎಳೆದೊಯ್ಯುವ ಹಾಗೆ ಕರೆದೊಯ್ಯುತ್ತಿದ್ದರು ಎಂದು ಬರೆದವರು ರೋಮನ್ನರೇ. ಹುಡುಗಿಯ ಕೂದಲನ್ನು ಒಂದು ಹಳೆಯ ಮರಕ್ಕೆ ಅರ್ಪಿಸುತ್ತಿದ್ದರು. ಆ ಮರಕ್ಕೆ 'ಕೂದಲ ಮರ' ಅಂತಲೇ ಹೆಸರು ಬಿದ್ದಿತ್ತು.

ಅಲ್ಲಿಂದ ಮುಂದೆ 30 ವರ್ಷ ಕನ್ಯೆಯಾಗಿಯೇ ಇರಬೇಕು, ತಪ್ಪಿದರೆ ಜೀವಂತ ಹೂಳುವ ಶಿಕ್ಷೆ. ಹತ್ತು ವರ್ಷ ಕಲಿಯುವುದು, ಹತ್ತು ವರ್ಷ ಮಾಡುವುದು, ಹತ್ತು ವರ್ಷ ಕಲಿಸುವುದು. ಆಮೇಲೆ ಬೇಕಿದ್ದರೆ ಮದುವೆಯಾಗಬಹುದಿತ್ತು, ಆದವರು ಕಡಿಮೆ. ಆಕ್ಸಿಯಾ ಎಂಬಾಕೆ 57 ವರ್ಷ ಅಲ್ಲೇ ಇದ್ದು, ಕ್ರಿ.ಶ. 19ರಲ್ಲಿ ತೀರಿಕೊಂಡಳು.

ಸ್ವತಂತ್ರರು ಅನ್ನುವವರ ಹತ್ತಿರ ಒಂದು ಪಟ್ಟಿ ಇದೆ, ಅದು ಸುಳ್ಳಲ್ಲ. ಅಪ್ಪನ ಅಧಿಕಾರದಿಂದ ಅವರಿಗೆ ಬಿಡುಗಡೆಯಿತ್ತು. ಯಾವ ಪೋಷಕನ ಅನುಮತಿಯೂ ಇಲ್ಲದೆ ಉಯಿಲು ಬರೆಯಬಹುದಿತ್ತು. ದಾರಿಯಲ್ಲಿ ಎದುರಾದರೆ ದೊಡ್ಡ ದೊಡ್ಡ ಅಧಿಕಾರಿಗಳೇ ಪಕ್ಕಕ್ಕೆ ಸರಿದು ಮರ್ಯಾದೆ ಕೊಡಬೇಕು. ಕೊಲ್ಲಲು ಒಯ್ಯುತ್ತಿದ್ದ ಅಪರಾಧಿ ಆಕಸ್ಮಿಕವಾಗಿ ಎದುರಿಗೆ ಬಂದರೆ ಅವನ ಪ್ರಾಣ ಉಳಿಯುತ್ತಿತ್ತು. ಜೂಲಿಯಸ್ ಸೀಸರ್‌ನ ಉಯಿಲು ಅವರ ವಶದಲ್ಲೇ ಇತ್ತು.

ಆದರೆ ಅದೇ ಕಾನೂನಿನ ಮುಂದಿನ ಸಾಲನ್ನೂ ಓದಬೇಕು. ವೆಸ್ಟಲ್ ಆದವಳಿಗೆ ಅಪ್ಪ ಉಯಿಲು ಬರೆಯದೆ ಸತ್ತರೆ ಅವನ ಆಸ್ತಿಯಲ್ಲಿ ಪಾಲಿಲ್ಲ. ಅವಳೇ ಉಯಿಲು ಬರೆಯದೆ ಸತ್ತರೆ ಅವಳ ಆಸ್ತಿ ಸರ್ಕಾರದ ಖಜಾನೆಗೆ. ಅಪ್ಪನ ಕೈಯಿಂದ ಬಿಡಿಸಿದ್ದು ಅವಳ ಕೈಗೆ ಕೊಡುವುದಕ್ಕಲ್ಲ. ಇದು ಅಂದಿನ ಅಪ್ಪಂದಿರಿಗೆ ಚೆನ್ನಾಗಿ ಗೊತ್ತಿತ್ತು. ಅಗಸ್ಟಸ್ ಚಕ್ರವರ್ತಿಯ ಕಾಲಕ್ಕೆ ದೊಡ್ಡ ಮನೆತನದವರು ವೆಸ್ಟಲ್‌ಗಳನ್ನು ಆರಿಸಲು ಎತ್ತುವ ಚೀಟಿಯಲ್ಲಿ ನಮ್ಮ ಮಗಳ ಹೆಸರು ಬೇಡ ಅಂತ ಓಡಾಡುತ್ತಿದ್ದರು. ನನ್ನ ಮೊಮ್ಮಗಳಿಗೆ ಆ ವಯಸ್ಸಾಗಿದ್ದರೆ ನಾನೇ ಕೊಡುತ್ತಿದ್ದೆ ಎಂದು ಚಕ್ರವರ್ತಿ ಆಣೆ ಮಾಡಬೇಕಾಯಿತು. ಕೊನೆಗೆ ಗುಲಾಮಗಿರಿಯಿಂದ ಬಿಡುಗಡೆ ಪಡೆದವರ ಹೆಣ್ಣುಮಕ್ಕಳಾದರೂ ಆಗಬಹುದು ಎಂದು ನಿಯಮ ಸಡಿಲಿಸಿದರು. ಅಷ್ಟು ದೊಡ್ಡ ಭಾಗ್ಯವಾಗಿದ್ದರೆ ಯಾರು ತಾನೇ ಮಗಳನ್ನು ಬಚ್ಚಿಡುತ್ತಿದ್ದರು?

ಅವರ ಕೆಲಸದ ಬಗ್ಗೆ ಯಾರೂ ಮಾತಾಡುವುದಿಲ್ಲ ಅನ್ನುವುದು ನನಗೆ ಇನ್ನೂ ದೊಡ್ಡ ನೋವು. ಕನ್ಯತ್ವ, ಬೆಂಕಿ, ಶಿಕ್ಷೆ, ಇಷ್ಟಕ್ಕೇ ಕಥೆ ಮುಗಿಸಿಬಿಡುತ್ತಾರೆ. ಅವರ ದಿನ ಕಳೆಯುತ್ತಿದ್ದದ್ದು ಕುಟ್ಟುವುದು, ಬೀಸುವುದು, ನೀರು ಹೊರುವುದರಲ್ಲಿ. ಮೇ ತಿಂಗಳ 7ರಿಂದ 14ರವರೆಗೆ ದಿನ ಬಿಟ್ಟು ದಿನ ಹಿರಿಯ ಮೂವರು ವೆಸ್ಟಲ್‌ಗಳು 'ಫಾರ್' ಎಂಬ ಗೋಧಿಯ ತೆನೆಗಳನ್ನು ಬುಟ್ಟಿಗೆ ತುಂಬುತ್ತಿದ್ದರು. (ನಮ್ಮ ಬೆಳಗಾವಿ, ಧಾರವಾಡ ಕಡೆ ಸದಕ ಅನ್ನುತ್ತಾರಲ್ಲ, ಅದೇ ಜಾತಿ. ಸುಲಭಕ್ಕೆ ಹೊಟ್ಟು ಬಿಡುವ ಕಾಳಲ್ಲ.) ಅದನ್ನು ತಾವೇ ಹುರಿದು, ಕುಟ್ಟಿ, ಬೀಸಿ ಹಿಟ್ಟು ಮಾಡಿ ಇಡಬೇಕು. ಉಪ್ಪಿನದು ಬೇರೆಯೇ ಕೆಲಸ. ಕಚ್ಚಾ ಉಪ್ಪನ್ನು ಒರಳಲ್ಲಿ ಅರೆದು, ಮಣ್ಣಿನ ಗಡಿಗೆಗೆ ತುಂಬಿ, ಬಾಯಿಗೆ ಜಿಪ್ಸಂ ಮೆತ್ತಿ, ಕುಲುಮೆಯಲ್ಲಿ ಸುಡುವುದು. ಒಳಗೆ ಗಟ್ಟಿಯಾದ ಹೆಂಟೆಯನ್ನು ಕಬ್ಬಿಣದ ಗರಗಸದಿಂದ ಕೊಯ್ದು ಬಳಸುವುದು. ನೀರು ಕೊಳವೆಯದ್ದಾಗಬಾರದು, ಹರಿಯುವ ನೀರೇ ಆಗಬೇಕು. ಅದಕ್ಕೆಂದು ಇದ್ದ ಪಾತ್ರೆಯ ಬಾಯಿ ಅಗಲ, ತಳ ಚೂಪು. ನೆಲಕ್ಕಿಟ್ಟರೆ ಉರುಳಿ ಚೆಲ್ಲಿಹೋಗುತ್ತದೆ.

ಈ ಉಪ್ಪುಹಿಟ್ಟೇ 'ಮೋಲಾ ಸಾಲ್ಸಾ'. ರೋಮಿನ ಸಾರ್ವಜನಿಕ ಬಲಿಯಲ್ಲಿ ಪಶುವಿನ ತಲೆಗೆ ಅದನ್ನು ಉದುರಿಸಬೇಕಿತ್ತು. ಬಲಿ ಕೊಡುವುದಕ್ಕೆ ಲ್ಯಾಟಿನ್‌ನಲ್ಲಿ ಇರುವ 'ಇಮ್ಮೊಲಾರೆ' ಎಂಬ ಪದ ಹುಟ್ಟಿದ್ದೇ ಈ ಹಿಟ್ಟಿನಿಂದ. ಸೇನಾಪತಿ ಗೆದ್ದು ಬಂದು ದೇವರಾಜ ಜುಪಿಟರ್‌ಗೆ ಹೋರಿ ಕೊಟ್ಟರೆ ಚರಿತ್ರೆಯಲ್ಲಿ ಉಳಿಯುವುದು ಅವನ ಹೆಸರು. ಹೋರಿಯ ತಲೆಯ ಮೇಲಿನ ಹಿಟ್ಟು ಯಾರು ಬೀಸಿದ್ದು ಅಂತ ಕೇಳುವವರಿಲ್ಲ.

ಊರಿಗೆ ಕೆಟ್ಟ ಕಾಲ ಬಂದಾಗ ಮಾತ್ರ ಎಲ್ಲರಿಗೂ ಅವರ ನೆನಪಾಗುತ್ತಿತ್ತು. ಕ್ರಿ.ಪೂ. 420ರಲ್ಲಿ ಪೊಸ್ಟೂಮಿಯಾ ಎಂಬ ವೆಸ್ಟಲ್‌ಳನ್ನು ವಿಚಾರಣೆಗೆ ಎಳೆದದ್ದು ಅವಳ ಉಡುಗೆ ಚೆಂದವಿತ್ತು, ಮಾತು ಚುರುಕಾಗಿತ್ತು ಅನ್ನುವುದಕ್ಕೆ. ತಪ್ಪಿಲ್ಲ ಅಂತ ಬಿಟ್ಟರು. ಬಿಡುವಾಗ ಮಹಾಪುರೋಹಿತ, ಇನ್ನು ಮೇಲೆ ತಮಾಷೆ ಮಾಡಬೇಡ, ಭಕ್ತಿಗೆ ತಕ್ಕ ಹಾಗೆ ಉಡು ಅಂತ ಅಪ್ಪಣೆ ಮಾಡಿದ. ಕ್ರಿ.ಪೂ. 216ರಲ್ಲಿ ಕನ್ನೈ ಕಾಳಗದಲ್ಲಿ ಕಾರ್ತೇಜಿನ ಸೇನಾಪತಿ ಹ್ಯಾನಿಬಲ್ ಎದುರು ಸುಮಾರು 50,000 ರೋಮನ್ನರು ಸತ್ತರು. ಸೇನಾಪತಿಗಳು ತಪ್ಪು ಮಾಡಿದ್ದರು. ದೇವರು ಮುನಿದದ್ದು ಯಾಕೆ ಅಂತ ಹುಡುಕಿದಾಗ ಸಿಕ್ಕಿದ್ದು ಒಪಿಮಿಯಾ, ಫ್ಲೊರೋನಿಯಾ ಎಂಬ ಇಬ್ಬರು ವೆಸ್ಟಲ್‌ಗಳ ಶೀಲ. ಒಬ್ಬಳನ್ನು ಜೀವಂತ ಹೂತರು, ಇನ್ನೊಬ್ಬಳು ತಾನೇ ಪ್ರಾಣ ಕಳೆದುಕೊಂಡಳು.

ಹೂಳುವ ಜಾಗ ರೋಮಿನ ಕೊಲ್ಲೈನ್ ಹೆಬ್ಬಾಗಿಲ ಹತ್ತಿರ. ನೆಲದಡಿಯ ಪುಟ್ಟ ಕೋಣೆಯಲ್ಲಿ ಹಾಸಿಗೆ, ಉರಿಯುವ ದೀಪ, ಒಂದಿಷ್ಟು ರೊಟ್ಟಿ, ನೀರು, ಹಾಲು, ಎಣ್ಣೆ ಇಡುತ್ತಿದ್ದರು. ಪವಿತ್ರಳಾದವಳನ್ನು ಹಸಿವಿನಿಂದ ಕೊಂದ ಪಾಪ ತಟ್ಟಬಾರದಲ್ಲ! ಓದಿದಾಗೆಲ್ಲ ನನಗೆ ಹೊಟ್ಟೆ ಉರಿಯುವುದು ಆ ಹಾಲು ರೊಟ್ಟಿಗೆ.

ಡೊಮಿಷಿಯನ್ ಚಕ್ರವರ್ತಿ ಹಿರಿಯ ವೆಸ್ಟಲ್ ಕೊರ್ನೆಲಿಯಾಳನ್ನು ಕರೆಸದೆ, ಅವಳ ಮಾತು ಕೇಳದೆ, ತನ್ನ ಹಳ್ಳಿಮನೆಯಲ್ಲಿ ಕೂತು ಶಿಕ್ಷೆ ಹಾಕಿದ. ಅವಳನ್ನು ಒಯ್ದದ್ದನ್ನು ಅದೇ ಕಾಲದ ರೋಮನ್ ಲೇಖಕ ಕಿರಿಯ ಪ್ಲಿನಿ ಒಂದು ಪತ್ರದಲ್ಲಿ ಬರೆದಿದ್ದಾನೆ. ನಾನು ಪೂಜೆ ಮಾಡುತ್ತಿದ್ದಾಗಲೇ ಅಲ್ಲವೇ ಚಕ್ರವರ್ತಿ ಯುದ್ಧ ಗೆದ್ದದ್ದು, ನಾನು ಹೇಗೆ ಅಪವಿತ್ರಳು ಅಂತ ಅವಳು ದಾರಿಯುದ್ದಕ್ಕೂ ಕೂಗಿದಳು. ಕೆಳಗೆ ಇಳಿಯುವಾಗ ಅವಳ ನಿಲುವಂಗಿ ಎಲ್ಲೋ ಸಿಕ್ಕಿಕೊಂಡಿತು. ಅವಳು ತಿರುಗಿ ಸೆರಗು ಬಿಡಿಸಿಕೊಂಡಳು. ಶಿಕ್ಷೆ ಜಾರಿ ಮಾಡುವವನು ಆಸರೆಗೆಂದು ಕೈ ಚಾಚಿದಾಗ ಹೇಸಿ ಹಿಂದಕ್ಕೆ ಸರಿದಳು. ಅವಳ ತೀರ್ಪನ್ನು ಅವಳೇ ಕೊಟ್ಟುಕೊಂಡ ಒಂದೇ ಒಂದು ಗಳಿಗೆ ಅದು ಅಂತ ನನಗೆ ಅನ್ನಿಸುತ್ತದೆ.

ಇಂದಿಗೂ ರೋಮಿನ ವೆಸ್ಟಲ್‌ಗಳ ಮನೆಯ ಅಂಗಳದಲ್ಲಿ ಒಬ್ಬ ಹಿರಿಯ ವೆಸ್ಟಲ್‌ಳ ಕ್ರಿ.ಶ. 364ರ ವಿಗ್ರಹದ ಪೀಠವಿದೆ. ಅವಳ ಶೀಲವನ್ನೂ ಪಾಂಡಿತ್ಯವನ್ನೂ ಹೊಗಳಿದ ಸಾಲುಗಳೆಲ್ಲ ಇವೆ, ಹೆಸರನ್ನು ಮಾತ್ರ ಉಳಿಯಿಂದ ಕೆತ್ತಿ ತೆಗೆದಿದ್ದಾರೆ. ಮೊದಲಕ್ಷರ ಉಳಿದಿದೆ.

ರೋಮಿನ ಅರ್ಚಕಿಯರೆಂದರೆ ವೆಸ್ಟಲ್‌ಗಳಷ್ಟೇ ಅಲ್ಲ. ಜುಪಿಟರ್‌ನ ಅರ್ಚಕನ ಹೆಂಡತಿ ಫ್ಲಾಮಿನಿಕಾ ತಾನೂ ಅರ್ಚಕಿಯೇ. ಅವಳು ತೀರಿಕೊಂಡರೆ ಗಂಡ ಪದವಿ ಬಿಡಬೇಕಿತ್ತು. ಬೆಳೆಯ ದೇವತೆ ಸೆರೆಸ್‌ಳ ಪೂಜೆಗೆ ನೇಪಲ್ಸ್, ವೇಲಿಯಾ ಕಡೆಯಿಂದ ಗ್ರೀಕ್ ಹೆಂಗಸರನ್ನು ಕರೆಸಿ ಪೌರತ್ವ ಕೊಡುತ್ತಿದ್ದರು. ಇವರ ಮಾತು ಯಾಕೆ ಬರುವುದೇ ಇಲ್ಲ? ಮದುವೆಯಾದವರು, ಮಕ್ಕಳಿದ್ದವರು, ಕಥೆಗೆ ಬೇಕಾದ ಕನ್ಯತ್ವವೂ ಇಲ್ಲ, ಗೋರಿಯೂ ಇಲ್ಲ.

ಸ್ವತಂತ್ರಳಾದ ಅರ್ಚಕಿಯನ್ನು ತೋರಿಸು ಅಂದರೆ ನಾನು ಇಟಲಿಯ ಪ್ರಾಚೀನ ಪಟ್ಟಣ ಪಾಂಪೇಯಿಗೆ ಕರೆದೊಯ್ಯುತ್ತೇನೆ. ಅಲ್ಲಿನ ಚೌಕದ ಪೂರ್ವಕ್ಕೆ ಒಂದು ಭಾರೀ ಕಟ್ಟಡವಿದೆ. ಕ್ರಿ.ಶ. 1ನೇ ಶತಮಾನದ ಮೊದಲ ಭಾಗದಲ್ಲಿ ಅದನ್ನು ಕಟ್ಟಿಸಿದ್ದು ಯೂಮಾಖಿಯಾ, ಊರಿನ ಸಾರ್ವಜನಿಕ ಅರ್ಚಕಿ. ಬಟ್ಟೆ ಒಗೆದು ಹದ ಮಾಡುವ ಮಡಿವಾಳರು ಅವಳಿಗೊಂದು ವಿಗ್ರಹ ನಿಲ್ಲಿಸಿದರು. ತಲೆ ಮೇಲೆ ಸೆರಗು ಹೊದ್ದ ಆ ವಿಗ್ರಹ ಈಗ ನೇಪಲ್ಸಿನ ವಸ್ತುಸಂಗ್ರಹಾಲಯದಲ್ಲಿದೆ. ಕಟ್ಟಡದ ಶಾಸನವನ್ನು ಅವಳು ಎರಡು ಬಾಗಿಲಿಗೆ ಎರಡು ಸಲ ಕೆತ್ತಿಸಿದಳು: ಲೂಸಿಯಸನ ಮಗಳು ಯೂಮಾಖಿಯಾ, ಸಾರ್ವಜನಿಕ ಅರ್ಚಕಿ, ತನ್ನ ಹೆಸರಿನಲ್ಲಿ, ತನ್ನ ಮಗನ ಹೆಸರಿನಲ್ಲಿ, ತನ್ನದೇ ಹಣದಿಂದ.