ಸ್ಫೂರ್ತಿ ಇದೆ, ಫೋಟೋ ತೆಗೆಯಬಾರದು

ಪ್ರದರ್ಶನದ ಬಾಗಿಲಲ್ಲೇ ಬೋರ್ಡು: 'ಫೋಟೋ ತೆಗೆಯಬಾರದು. ಡಿಸೈನ್ ಕದಿಯುವುದು ಅಪರಾಧ.' ಒಳಗೆ ಕಾಲಿಟ್ಟರೆ ಮೊದಲನೇ ಬಟ್ಟೆಯ ಕೆಳಗೆ ಒಂದು ಚೀಟಿ: 'ಸ್ಫೂರ್ತಿ: ಉತ್ತರ ಕರ್ನಾಟಕ.' ಯಾವ ಊರು, ಯಾರ ಮನೆ, ಯಾರ ಕೈ, ಏನೂ ಇಲ್ಲ. ಅಷ್ಟು ದೊಡ್ಡ ಸೀಮೆಯೆಲ್ಲ ಒಟ್ಟಾಗಿ ಸೇರಿ, ಮೈಸೂರಿನ ಒಂದು ಹಾಲ್‌ನಲ್ಲಿ ನೇತಾಡುವ ಒಂದೂವರೆ ಗಜ ಬಟ್ಟೆಗೆ ಸ್ಫೂರ್ತಿ ಕೊಟ್ಟು ಸುಮ್ಮನಾಗಿದೆ.

ಬಟ್ಟೆಯ ಮೇಲಿನ ಈ ಸೂಜಿ-ದಾರದ ಕೆಲಸವನ್ನು ಹಿಂದೆ ಕಸೂತಿ ಅಂತಿದ್ದರು. ಈಗ ಟೆಕ್ಸ್‌ಟೈಲ್ ಆರ್ಟ್. ಹೆಸರು ಬದಲಾದ ಖರ್ಚಿಗೆ ಬೆಲೆಯಲ್ಲಿ ಒಂದು ಸೊನ್ನೆ ಜಾಸ್ತಿ.

ನಾನು ತಪ್ಪು ಮಾಡಿದ್ದು ಒಂದೇ. ನಮ್ಮ ಮನೆಯವಳ ಕಾಕುವನ್ನು, ಅಂದರೆ ಚಿಕ್ಕಮ್ಮನನ್ನು, ಜೊತೆಗೆ ಕರೆದುಕೊಂಡು ಹೋದೆ. ಧಾರವಾಡದವರು. ಮಗಳ ಬಾಣಂತನಕ್ಕೆ ಅಂತ ಇಲ್ಲಿಗೆ ಬಂದಿದ್ದರು. ಮೂರು ದಿನದಿಂದ ಬೇಜಾರು ಅಂತಿದ್ದರು.

ಎರಡನೇ ಬಟ್ಟೆಯ ಹೆಸರು 'ಪೈಸ್ಲಿ ನೆನಪುಗಳು'. ಕಾಕು ಕನ್ನಡಕ ಏರಿಸಿ ನೋಡಿದರು. "ಇದು ಮಾವಿನಕಾಯಿ ಅಲ್ಲೇನ್ರೀ?" ಹೌದು, ಮಾವಿನಕಾಯಿಯೇ. ಪೈಸ್ಲಿ ಅನ್ನುವುದು ಸ್ಕಾಟ್ಲೆಂಡಿನ ಒಂದು ಊರು. 19ನೇ ಶತಮಾನದಲ್ಲಿ ಅಲ್ಲಿನ ನೇಕಾರರು ಕಾಶ್ಮೀರದ ಶಾಲು ನೋಡಿ ನೋಡಿ ಅದರಂತೆಯೇ ನೇಯ್ದು ಮಾರಿದರು. ಕಾಯಿ ನಮ್ಮದು, ಹೆಸರು ಅವರ ಊರಿನದು. ಈಗ ಅದೇ ಕಾಯಿ ಪಾಸ್‌ಪೋರ್ಟ್ ಮಾಡಿಸಿಕೊಂಡು ಮೈಸೂರಿಗೆ ಬಂದಿದೆ. ನಮ್ಮ ಅಜ್ಜಿಯ ಸೆರಗಿನಲ್ಲಿದ್ದಾಗ ಯಾರೂ ತಿರುಗಿ ನೋಡಿರಲಿಲ್ಲ.

ಮೂರನೆಯದರ ಮುಂದೆ ಕಾಕು ನಿಂತೇಬಿಟ್ಟರು. ಕಪ್ಪು ಬಟ್ಟೆಯ ಮೇಲೆ ಕೆಂಪು ದಾರದ ಗೋಪುರ. ಚೀಟಿಯಲ್ಲಿ 'ಸ್ವಂತ ಪರಿಕಲ್ಪನೆ'. ಬೆಲೆ 48,000.

ಕಸೂತಿಯಲ್ಲಿ ಮೊದಲೇ ಪೆನ್ಸಿಲ್‌ನಿಂದ ಚಿತ್ರ ಬರೆದುಕೊಳ್ಳುವುದಿಲ್ಲ. ಬಟ್ಟೆಯ ಎಳೆ ಎಣಿಸಿಕೊಂಡು ಹಾಕುವುದು. ಗವಂತಿ ಹೊಲಿಗೆಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹಾಕಿ, ಬರುವಾಗ ಬಿಟ್ಟಿದ್ದನ್ನು ತುಂಬಬೇಕು. ಗಂಟು ಹಾಕುವಂತಿಲ್ಲ. ಸರಿಯಾಗಿ ಹಾಕಿದರೆ ಹಿಂದೆಯೂ ಮುಂದೆಯೂ ಒಂದೇ. ಅದಕ್ಕೇ ಕಾಕು ಯಾವ ಕಸೂತಿ ಕಂಡರೂ ಮೊದಲು ತಿರುಗಿಸುತ್ತಾರೆ. ಇಲ್ಲೂ ತಿರುಗಿಸಿದರು.

"ಆಂಟಿ, ಮುಟ್ಟಬಾರದು!" ಅಂತ ಕಲಾವಿದೆ ಓಡಿ ಬಂದರು.

"ಹಿಂದ ಇಲಿ ಗೂಡು ಕಟ್ಟಿದ್ಹಂಗ ಅದಲ್ಲ ತಂಗಿ. ಎಷ್ಟೊಂದು ಗಂಟು! ಮತ್ತ ಈ ಗೋಪುರ ನಮ್ಮ ಕಡೆ ಇರಕಲ್ ಸೀರಿ ಮ್ಯಾಲೆ ಹಾಕೋದು."

"ಇದು ಕಾಪಿ ಅಲ್ಲ ಆಂಟಿ. ಸಂವಾದ."

"ಯಾರ ಜೋಡಿ?"

"ಪರಂಪರೆ ಜೊತೆ."

"ಪರಂಪರಿ ಏನಂತು?"

ಕಲಾವಿದೆ ನನ್ನ ಕಡೆ ನೋಡಿದರು. ನಾನು ಪೈಸ್ಲಿ ನೋಡುತ್ತಿದ್ದೆ.

ನೋಡಿ ಹಾಕುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ಅದು ತಪ್ಪಾದರೆ ಮೈಸೂರಿನ ಅರ್ಧ ರಂಗೋಲಿ ಜೈಲಿಗೆ ಹೋಗಬೇಕು. ಅಗ್ರಹಾರದ ನಮ್ಮ ಟೈಲರ್ ಕೊಕ್ಕೆ ಸೂಜಿಯ ಆರಿ ವರ್ಕ್ ಮಾಡಿಕೊಡುತ್ತಾರೆ. ಹೋದ ತಕ್ಷಣ ಅವರ ಪ್ರಶ್ನೆ ಒಂದೇ: "ಫೋಟೋ ತಂದಿದ್ದೀರಾ ಮೇಡಂ?" ಹೊಲಿದ ಮೇಲೆ, ಕೇಳದಿದ್ದರೂ ಹೇಳುತ್ತಾರೆ, "ಇದು ಆ ಧಾರಾವಾಹಿ ಸೊಸೆ ಹಾಕ್ಕೊಂಡಿದ್ದ ಬ್ಲೌಸು." ಸಂವಾದ ಇಲ್ಲ, ಪರಿಕಲ್ಪನೆ ಇಲ್ಲ. ಊರಿಗೆಲ್ಲ ಗೊತ್ತಿರುವ ಕಾಪಿ. ಅಂಗಡಿಯಲ್ಲಿ ಫೋಟೋ ತೆಗೆಯಬೇಡಿ ಅನ್ನುವ ಬೋರ್ಡೂ ಇಲ್ಲ.

ಕಾನೂನು ಏನನ್ನುತ್ತದೆ ಅಂತ ಕೇಳಿದರೆ ಅದೂ ಒಂದು ತಮಾಷೆ. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ, ನೋಂದಾಯಿಸಬಹುದಾದ ಡಿಸೈನನ್ನು ನೋಂದಾಯಿಸದೆ ಕಾರ್ಖಾನೆ ರೀತಿಯಲ್ಲಿ 50ಕ್ಕಿಂತ ಜಾಸ್ತಿ ಸಲ ಅಚ್ಚು ಹಾಕಿದರೆ ಅದರ ಕಾಪಿರೈಟ್ ಮುಗಿಯಿತು. 50ರವರೆಗೆ ಕಲೆ, 51ನೆಯದು ಟವೆಲ್. ಕಸೂತಿಗೆ ಭೌಗೋಳಿಕ ಗುರುತು, ಅಂದರೆ ಈ ಹೆಸರು ಈ ಸೀಮೆಯದು ಅನ್ನುವ ಸರ್ಕಾರಿ ಮುದ್ರೆ ಸಿಕ್ಕಿದೆ, ಮೈಸೂರು ರೇಷ್ಮೆಗೂ ಇದೆ. ನಮ್ಮ ಮಾನಂದವಾಡಿ ರಸ್ತೆಯ ರೇಷ್ಮೆ ಕಾರ್ಖಾನೆಯವರು ನಕಲಿಗೆ ಹೆದರಿ ಪ್ರತಿ ಸೀರೆಗೂ ಒಂದೊಂದು ನಂಬರ್ ಹಾಕುತ್ತಾರೆ. ಆದರೆ ಧಾರವಾಡದ ಯಾವುದೋ ಪಡಸಾಲೆಯಲ್ಲಿ ಕೂತು ಗೋಪುರಕ್ಕೆ ಒಂದು ಮೆಟ್ಟಿಲು ಜಾಸ್ತಿ ಸೇರಿಸಿದ ಅಜ್ಜಿಗೆ ಯಾವ ನಂಬರ್?

ಕಾಕುವಿನ ಹತ್ತಿರ ಅದಕ್ಕೂ ಒಂದು ಲೆಕ್ಕ ಇದೆ. ಗಣಿತದ ಚೌಕಳಿ ಪುಸ್ತಕ. ಅಂಚು ಹರಿದು, ಎಣ್ಣೆ ಕಲೆಯಾಗಿ, ರಬ್ಬರ್ ಬ್ಯಾಂಡ್ ಸುತ್ತಿದೆ. ಪುಟಕ್ಕೊಂದು ಡಿಸೈನ್, ಕೆಳಗೆ ಸಣ್ಣ ಅಕ್ಷರ: 'ನವಲಗುಂದದ ಅತ್ತಿ ಸೆರಗಿಂದು.' 'ಹಿಂದಿನ ಮನಿ ಟೀಚರ್ ಕೊಟ್ಟದ್ದು, ಆನಿ ಬಾಲ ನಾ ಉದ್ದ ಮಾಡೇನಿ.' 'ಬಸ್ಸಿನ್ಯಾಗ ಒಬ್ಬಾಕಿ ಉಟ್ಟಿದ್ಲು, ಹೆಸರು ಕೇಳೋದ್ರಾಗ ಇಳಿದು ಹೋದ್ಲು.' ಬಸ್ಸಿನಲ್ಲಿ ಇಳಿದು ಹೋದವಳಿಗೂ ಪುಸ್ತಕದಲ್ಲಿ ಒಂದು ಸಾಲು ಜಾಗ ಇದೆ.

ಹಾಲ್‌ನಿಂದ ಹೊರಗೆ ಬರುವಾಗ ಕಲಾವಿದೆ ಮತ್ತೆ ನೆನಪಿಸಿದರು, "ಫೋಟೋ ತೆಗೆದಿಲ್ಲ ಅಲ್ವಾ ಆಂಟಿ?" ಕಾಕು ಇಲ್ಲ ಅಂದರು. ಅವರ ಹತ್ತಿರ ಇರುವುದು ಬಟನ್ ಫೋನು. ಆಟೋದಲ್ಲಿ ದಾರಿಯುದ್ದಕ್ಕೂ ಬೆರಳು ಮಡಚಿ ಏನೋ ಎಣಿಸುತ್ತಿದ್ದರು. ಮಾತಾಡಿಸಿದರೆ ಕೈಸನ್ನೆಯಲ್ಲೇ ತಡೆದರು.

ರಾತ್ರಿ ಊಟ ಆದ ಮೇಲೆ ಚೌಕಳಿ ಪುಸ್ತಕ ಹೊರಗೆ ಬಂತು. ಗೋಪುರ ಒಂದು ಎಳೆಯೂ ತಪ್ಪದೆ ಪುಟದ ಮೇಲೆ ಎದ್ದಿತು. ಕೆಳಗೆ ಬರೆದರು: 'ಮೈಸೂರಿನ ಹುಡುಗಿ ಹಾಕಿದ್ದು. ಕಳಸ ಮರ್ತಾಳ.'