ಕೆಟ್ಟಿಲ್ಲದ ಕಂಪ್ಯೂಟರನ್ನು ಯಾಕೆ ಬಿಸಾಕಬೇಕು?

ಹೊಟ್ಟೆ ಉರಿದು ಬರೆಯುತ್ತಿದ್ದೇನೆ. ತುಮಕೂರಿನಲ್ಲಿ ಕೋರ್ಟ್ ಹತ್ತಿರ ನನ್ನದೊಂದು ಟೈಪಿಂಗ್, ಜೆರಾಕ್ಸ್ ಅಂಗಡಿ ಇದೆ. ಅರ್ಜಿ, ಅಫಿಡವಿಟ್, ಬಾಡಿಗೆ ಕರಾರು, ಕ್ರಯಪತ್ರ, ಪಹಣಿ ಪ್ರಿಂಟು, ಸೀಸನ್ ಬಂದರೆ ಮದುವೆ ಕಾರ್ಡು. ಇದೇ ನಮ್ಮ ಮನೆಯ ಅನ್ನ. ಇಷ್ಟೂ ಕೆಲಸ ನಡೆಯೋದು ಒಂದೇ ಒಂದು ಕಂಪ್ಯೂಟರ್ ಮೇಲೆ. ಅದು ಕೆಟ್ಟಿಲ್ಲ. ಹ್ಯಾಂಗ್ ಆಗುವುದಿಲ್ಲ. ಬೆಳಗ್ಗೆ ಬಟನ್ ಒತ್ತಿ ಶಟರ್ ಮುಂದೆ ನೀರು ಹಾಕಿ ಬರುವಷ್ಟರಲ್ಲಿ ರೆಡಿ ಇರುತ್ತದೆ. ಆದರೂ ಅದನ್ನು ತೆಗೆದು ಬಿಸಾಕಬೇಕಂತೆ. ಯಾಕೆ ಅಂದರೆ ವಿಂಡೋಸ್ 10ರ ಕಾಲ ಮುಗಿಯಿತು, ವಿಂಡೋಸ್ 11 ನನ್ನ ಕಂಪ್ಯೂಟರಿಗೆ ಹಾಕಿಸಲು ಬರುವುದಿಲ್ಲ.

ವಿಂಡೋಸ್ 10 ಬಂದಿದ್ದು 2015ರ ಜುಲೈ 29ಕ್ಕೆ. ಆ ವರ್ಷ ಮೈಕ್ರೋಸಾಫ್ಟ್ ಕಂಪನಿಯವರೇ ಒಬ್ಬರು ವೇದಿಕೆ ಮೇಲೆ ನಿಂತು, ಇದೇ ಕೊನೆಯ ವಿಂಡೋಸ್ ಅಂದಿದ್ದರು. ಇನ್ನು ಮುಂದೆ ಇದಕ್ಕೇ ಅಪ್‌ಡೇಟ್ ಬರುತ್ತಾ ಇರುತ್ತದೆ ಅಂತ ಎಲ್ಲರೂ ನಂಬಿದರು. ಆರು ವರ್ಷ ಕಳೆದು 2021ರ ಅಕ್ಟೋಬರ್ 5ಕ್ಕೆ 11 ಬಂತು. 2025ರ ಅಕ್ಟೋಬರ್ 14ಕ್ಕೆ 10ರ ಸಪೋರ್ಟ್, ಅಂದರೆ ಭದ್ರತಾ ಅಪ್‌ಡೇಟ್ ಕೊಡುವುದು, ನಿಲ್ಲಿಸಿದರು. ಅದೇ ದಿನ ಆಫೀಸ್ 2016ಕ್ಕೂ, 2019ಕ್ಕೂ ನಿಲ್ಲಿಸಿದರು. ನಾನು ದಿನಾ ಟೈಪ್ ಮಾಡುವ ವರ್ಡ್ ಕೂಡ ಅದರಲ್ಲೇ ಹೋಯಿತು.

ನನ್ನ ಕಂಪ್ಯೂಟರ್ 2018ರಲ್ಲಿ ಕೊಂಡಿದ್ದು. ಸಂಘದಲ್ಲಿ ಸಾಲ ತೆಗೆದು, ಕಂತು ಕಟ್ಟಿ ಕೊಂಡಿದ್ದು. ಸೆಕೆಂಡ್ ಹ್ಯಾಂಡ್ ಅಲ್ಲ, ಎದುರಿಗೇ ಡಬ್ಬ ಒಡೆದು ಕೊಟ್ಟ ಹೊಸ ಮಾಲು. ಪ್ರೊಸೆಸರ್ ಇಂಟೆಲ್ ಐ3, 7ನೇ ಜನರೇಷನ್. ಆಮೇಲೆ ಎಸ್‌ಎಸ್‌ಡಿ ಹಾಕಿಸಿದೆ, ರ‍್ಯಾಮ್ 8 ಜಿಬಿ ಮಾಡಿಸಿದೆ. ವಿಂಡೋಸ್ 11 ಕೇಳುವುದು 4 ಜಿಬಿ ರ‍್ಯಾಮ್, 64 ಜಿಬಿ ಜಾಗ. ಎರಡೂ ಜಾಸ್ತಿನೇ ಇದೆ. ಟಿಪಿಎಂ 2.0 ಅನ್ನುವ ಭದ್ರತಾ ವ್ಯವಸ್ಥೆ ಬೇಕು ಅಂದರು. ಅದು ನನ್ನ ಬೋರ್ಡಿನಲ್ಲೇ ಇತ್ತು, ಬಯೋಸ್ ಅನ್ನುವ ಒಳಗಿನ ಸೆಟ್ಟಿಂಗಿನಲ್ಲಿ ಆಫ್ ಆಗಿತ್ತು ಅಷ್ಟೆ. ಅಕ್ಕನ ಮಗ ಬಂದು ಆನ್ ಮಾಡಿಕೊಟ್ಟ. ಸೆಕ್ಯೂರ್ ಬೂಟ್ ಅನ್ನುವ ಇನ್ನೊಂದು ಭದ್ರತಾ ಸೆಟ್ಟಿಂಗ್ ಕೂಡ ಆನ್ ಮಾಡಿದ. ಪಿಸಿ ಹೆಲ್ತ್ ಚೆಕ್ ಅಂತ ಅವರದೇ ಒಂದು ಸಾಫ್ಟ್‌ವೇರ್ ಇದೆ, ಅದನ್ನು ಓಡಿಸಿದೆವು. ಸಾಲಾಗಿ ಹಸಿರು ಟಿಕ್ ಬಂತು. ಒಂದೇ ಒಂದು ಕಡೆ ಕೆಂಪು. ಪ್ರೊಸೆಸರ್ ಪಟ್ಟಿಯಲ್ಲಿ ಇಲ್ಲ.

ಪಟ್ಟಿಯಲ್ಲಿ ಇಲ್ಲ ಅಂದರೆ ಏನು? ಅದಕ್ಕೆ ಶಕ್ತಿ ಸಾಲದೇ? ಹಾಗಲ್ಲ. ಇಂಟೆಲ್‌ನಲ್ಲಿ 8ನೇ ಜನರೇಷನ್‌ನಿಂದ ಮೇಲಿನದು ಮಾತ್ರ ಅಂತ ಗೆರೆ ಎಳೆದಿದ್ದಾರೆ. ಆಯ್ತಪ್ಪ, ಗೆರೆ ಅಂದರೆ ಎಲ್ಲರಿಗೂ ಗೆರೆ ಅಲ್ವಾ? ಅದೇ ಕಂಪನಿ ತಾನೇ ಮಾರುತ್ತಿದ್ದ ಸರ್ಫೇಸ್ ಸ್ಟುಡಿಯೋ 2 ಅನ್ನುವ ದುಬಾರಿ ಮಾಡೆಲ್‌ನಲ್ಲಿ ಇದ್ದಿದ್ದೂ 7ನೇ ಜನರೇಷನ್ನೇ. ಐ7-7820ಎಚ್‌ಕ್ಯೂ. 2021ರಲ್ಲೇ ಅದನ್ನು ಪಟ್ಟಿಗೆ ಸೇರಿಸಿಕೊಂಡರು. ತಮ್ಮ ಗಿರಾಕಿ ಲಕ್ಷಗಟ್ಟಲೆ ಕೊಟ್ಟು ಕೊಂಡಿದ್ದರೆ 7 ಆಗುತ್ತದೆ, ನಾನು ಸಂಘದ ಸಾಲದಲ್ಲಿ ಕೊಂಡಿದ್ದರೆ 7 ಆಗುವುದಿಲ್ಲ. ಇದನ್ನು ಓದಿದ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇದಕ್ಕೆ ಅನ್ಯಾಯ ಅನ್ನದೆ ಬೇರೆ ಏನು ಅನ್ನಬೇಕು?

ಮಾತಿನಲ್ಲಿ ಹೇಳಿದ್ದರೆ ಹೋಗಲಿ ಅನ್ನಬಹುದಿತ್ತು. ಕೆಲಸದ ಮಧ್ಯೆ ಬಂದು ಮುಖಕ್ಕೇ ಅಡ್ಡ ನಿಲ್ಲುತ್ತದೆ. ಪಾವಗಡದ ಕಡೆಯಿಂದ ಒಬ್ಬರು ಅಜ್ಜ, ಅವರ ಮಗ ಬಂದಿದ್ದರು. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಅವರಿಗೆ ಟೈಮ್ ಕೊಟ್ಟಾಗಿತ್ತು. ಚೆಕ್ಕುಬಂದಿಯಲ್ಲಿ ಪೂರ್ವ, ಪಶ್ಚಿಮ ಅದಲುಬದಲಾಗಿದೆ, ಸರಿಮಾಡಿ ಕೊಡಮ್ಮ ಅಂತ ಓಡಿಬಂದರು. ಸರಿಮಾಡಿ ಪ್ರಿಂಟ್ ಕೊಡಬೇಕು, ಅಷ್ಟರಲ್ಲಿ ಇಡೀ ಪರದೆ ತುಂಬಾ ಒಂದು ಜಾಹೀರಾತು. ನಿಮ್ಮ ಕಂಪ್ಯೂಟರ್ ಹಳೆಯದಾಯಿತು, ಹೊಸದು ನೋಡಿ ಅಂತ ಇಂಗ್ಲಿಷಿನಲ್ಲಿ. ಮೂಲೆಯಲ್ಲಿ ಕ್ಲೋಸ್ ಬಟನ್ ಹುಡುಕಿದರೆ ಇಲ್ಲ. ಆಮೇಲೆ ನೆನಪಿಸು ಅನ್ನುವುದು ಕೆಳಗೆ ಸಣ್ಣದಾಗಿ ಇರುತ್ತದೆ, ಬೇಡ ಅನ್ನುವುದು ಇಲ್ಲವೇ ಇಲ್ಲ. ಅಜ್ಜ ಗಾಬರಿಯಾಗಿ, ಏನಮ್ಮ ಪತ್ರ ಹೋಯ್ತಾ ಅಂತ ಕೇಳಿದರು. ಅವರ ಕೈ ನಡುಗುತ್ತಿತ್ತು. ಪತ್ರ ಹೋಗಿರಲಿಲ್ಲ, ಪ್ರಿಂಟ್ ಕೊಟ್ಟು ಕಳಿಸಿದೆ. ಆದರೆ ನಾನು ದುಡ್ಡು ಕೊಟ್ಟು ಕೊಂಡ ಕಂಪ್ಯೂಟರಿನಲ್ಲಿ, ನನ್ನ ಗಿರಾಕಿಯ ಮುಂದೆ, ನನ್ನ ಕೇಳದೆ ಬಂದು ನಿಲ್ಲುವ ಹಕ್ಕು ಇವರಿಗೆ ಕೊಟ್ಟವರು ಯಾರು?

ಇನ್ನು ಮಾರುವವರ ಕಥೆ. ಬಿ.ಎಚ್. ರಸ್ತೆಯ ಒಂದು ಅಂಗಡಿಗೆ ಕೀಬೋರ್ಡ್ ತರಲು ಹೋಗಿದ್ದೆ. ಕೀಬೋರ್ಡ್ ವಿಷಯ ಮುಗಿಯುವ ಮುಂಚೆಯೇ ಆ ಹುಡುಗ ಶುರು ಮಾಡಿದ. "ಅಕ್ಕ, ನಿಮ್ದು ಎಷ್ಟನೇ ಜನರೇಷನ್ನು? ಏಳಾ? ಅಯ್ಯೋ, ಅದರ ಕಥೆ ಮುಗೀತು ಬಿಡಿ. ಇನ್ನೊಂದು ತಿಂಗಳಲ್ಲಿ ಆನೇ ಆಗಲ್ಲ." ಇದು ಸುಳ್ಳು. ಸಪೋರ್ಟ್ ನಿಂತರೂ ಕಂಪ್ಯೂಟರ್ ಆನ್ ಆಗುತ್ತದೆ, ಕೆಲಸ ಮಾಡುತ್ತದೆ, ಕಂಪನಿಯೇ ಹಾಗೆ ಬರೆದಿದೆ. ನಾನು ಅದನ್ನು ಹೇಳಿದರೆ ಅವನು ವೈರಸ್ಸಿಗೆ ಹೋದ. ವೈರಸ್ಸಾದ ಮೇಲೆ ರ‍್ಯಾಮ್ ರೇಟು ಏರುತ್ತಿದೆ, ಈಗಲೇ ತಗೊಳ್ಳಿ ಅಂದ. ಹೊಸದಕ್ಕೆ 38 ಸಾವಿರ. ನನ್ನ ಹಳೆಯದಕ್ಕೆ ಎಕ್ಸ್‌ಚೇಂಜ್ 1,500. ಒಂದು ಪುಟ ಜೆರಾಕ್ಸಿಗೆ 2 ರೂಪಾಯಿ ತಗೊಳ್ಳುವವಳು ನಾನು. 38 ಸಾವಿರ ಅಂದರೆ ಎಷ್ಟು ಪುಟ ಅಂತ ಲೆಕ್ಕ ಹಾಕಿದರೆ ತಲೆ ತಿರುಗುತ್ತದೆ. ಅದರಲ್ಲೂ ಪೇಪರ್ರು, ಟೋನರ್ರು, ಕರೆಂಟು, ಬಾಡಿಗೆ ಕಳೆಯಬೇಕು.

ನನಗೆ ಭದ್ರತೆಯ ವಿಷಯ ಗೊತ್ತಿಲ್ಲ ಅಂತ ಯಾರೂ ಅಂದುಕೊಳ್ಳಬೇಡಿ. ಗೊತ್ತಿರುವುದರಿಂದಲೇ ಕಷ್ಟ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಬಂತು. ಫೈಲ್‌ಗಳಿಗೆಲ್ಲ ಬೀಗ ಜಡಿದು ದುಡ್ಡು ಕೇಳುತ್ತಿತ್ತು. ಮಾರ್ಚಿನಲ್ಲೇ ಅದಕ್ಕೆ ಅಪ್‌ಡೇಟ್ ಬಂದಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ನನ್ನ ಅಂಗಡಿಗೆ ದಿನಾ ಯಾರ್‍ಯಾರದೋ ಪೆನ್‌ಡ್ರೈವ್ ಬರುತ್ತದೆ. ಹತ್ತು ಕಡೆ ಚುಚ್ಚಿ ಬಂದಿರುತ್ತದೆ. ಹಾಗಾಗಿ ಅಪ್‌ಡೇಟ್ ಇಲ್ಲದೆ ಸುಮ್ನೆ ನಡೆಸಿಕೊಂಡು ಹೋಗಲು ನನಗೇ ಧೈರ್ಯವಿಲ್ಲ. ಆದರೆ ಅದೇ ವಾನಾಕ್ರೈ ಸಮಯದಲ್ಲಿ ನಡೆದ ಇನ್ನೊಂದನ್ನೂ ನೆನಪಿಟ್ಟುಕೊಳ್ಳಿ. ಹಳೇ ವಿಂಡೋಸ್ ಎಕ್ಸ್‌ಪಿಗೆ 2014ರಲ್ಲೇ ಸಪೋರ್ಟ್ ಮುಗಿದಿತ್ತು. ಆದರೂ ಅದಕ್ಕೂ ಅಪ್‌ಡೇಟ್ ಬಿಟ್ಟರು. ಮನಸ್ಸು ಮಾಡಿದರೆ ಕೊಡಬಹುದು ಅಂತ ಆಯಿತಲ್ಲ?

ಇನ್ನೊಂದು ಭಯ ಬ್ರೌಸರಿನದು. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿ ಸಪೋರ್ಟ್ ನಿಂತಿತು. ಆಗ ಏನೂ ಆಗಲಿಲ್ಲ. 2023ರಲ್ಲಿ ಕ್ರೋಮ್ ಅದನ್ನು ಕೈಬಿಟ್ಟಿತು, 109ನೇ ಆವೃತ್ತಿಯೇ ಕೊನೆ. ಅಲ್ಲಿಂದ ಹಳೇ ಬ್ರೌಸರಿನಲ್ಲಿ ಒಂದೊಂದೇ ಸೈಟು ಮುನಿಸಿಕೊಳ್ಳಲು ಶುರು. ಸಾಯುವುದು ಹೀಗೆ ನಿಧಾನಕ್ಕೆ. ಸೇವಾ ಸಿಂಧು, ಭೂಮಿ, ಕಾವೇರಿ ಅನ್ನುವ ಸರ್ಕಾರದ ಸೈಟುಗಳು ತೆರೆಯದಿದ್ದರೆ ನನ್ನ ಅಂಗಡಿಗೆ ಯಾರು ಬರುತ್ತಾರೆ? 10ಕ್ಕೆ ಇನ್ನೂ ಆ ಗತಿ ಬಂದಿಲ್ಲ. ಬರುವ ತನಕ ನನಗೆ ಟೈಮ್ ಇದೆ ಅಂತ ಧೈರ್ಯ ತಂದುಕೊಂಡಿದ್ದೇನೆ.

ಅಕ್ಕನ ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ. ಅವನು, "ಚಿಕ್ಕಮ್ಮ, ಆ ಚೆಕಿಂಗ್ ದಾಟಿಸಿ 11 ಹಾಕ್ತೀನಿ, ಏನೂ ಆಗಲ್ಲ" ಅಂದ. ಹಾಕಬಹುದು, ತುಂಬಾ ಜನ ಹಾಕಿಕೊಂಡಿದ್ದಾರೆ. ಆದರೆ ಹಾಗೆ ಹಾಕಿದ ಕಂಪ್ಯೂಟರಿಗೆ ಅಪ್‌ಡೇಟ್ ಕೊಡುತ್ತೇವೆ ಅಂತ ಗ್ಯಾರಂಟಿ ಇಲ್ಲ ಎಂದು ಕಂಪನಿ ಮೊದಲೇ ಕೈತೊಳೆದುಕೊಂಡಿದೆ. ವರ್ಷಕ್ಕೊಮ್ಮೆ ದೊಡ್ಡ ಆವೃತ್ತಿ ಬಂದಾಗ ಮತ್ತೆ ಕೈಯಾರೆ ದಾಟಿಸಬೇಕು. ಅವನು ನಾಳೆ ಕೆಲಸ ಸಿಕ್ಕಿ ಬೆಂಗಳೂರಿಗೋ ಪುಣೆಗೋ ಹೋಗುತ್ತಾನೆ. ಆಗ ನಾನು ಯಾರನ್ನು ಕರೆಯಲಿ?

ವಿಂಡೋಸ್ ಬದಲು ಬಿಟ್ಟಿ ಸಿಗುವ ಲಿನಕ್ಸ್ ಹಾಕಿ ಅನ್ನುವವರೂ ಇದ್ದಾರೆ. ಒಳ್ಳೆಯ ಮಾತೇ. ಯೂನಿಕೋಡ್, ಅಂದರೆ ಯಾವ ಕಂಪ್ಯೂಟರಿನಲ್ಲೂ ಓದಲು ಬರುವ ಕನ್ನಡ, ಅದರಲ್ಲಿ ಚೆನ್ನಾಗಿಯೇ ಬರುತ್ತದೆ, ಮನೆಯಲ್ಲಿ ಮಕ್ಕಳ ಓದಿಗೆ ಆದರೆ ನಾನೇ ಹಾಕಿಸುತ್ತಿದ್ದೆ. ಅಂಗಡಿಯ ಕಷ್ಟ ಬೇರೆ. ನನ್ನ ಹತ್ತಿರ ಇರುವ ಹಳೇ ಕ್ರಯಪತ್ರ, ವಿಭಾಗಪತ್ರ, ಮದುವೆ ಕಾರ್ಡು ಎಲ್ಲ ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫಾಂಟಿನಲ್ಲಿ ಇವೆ. ಫಾಂಟ್ ಇಲ್ಲದ ಕಡೆ ತೆರೆದರೆ ಇಡೀ ಪತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ನುಡಿ ಮಾಡಿರುವುದು ವಿಂಡೋಸಿಗೆ. ಯೂನಿಕೋಡಿಗೆ ಬದಲಾಯಿಸುವ ಸಾಫ್ಟ್‌ವೇರ್ ಇದೆ, ಬಳಸಿಯೂ ಇದ್ದೇನೆ. ಆದರೆ ಅರ್ಕಾವತ್ತು ಬಂದ ಕಡೆ ಕಣ್ಣಿಟ್ಟು ನೋಡಬೇಕು. ಹಳೇ ಫಾಂಟಿನಲ್ಲಿ ಅರ್ಕಾವತ್ತನ್ನು ಅಕ್ಷರ ಆದಮೇಲೆ ಒತ್ತುತ್ತೇವೆ, ಯೂನಿಕೋಡಿನಲ್ಲಿ ಅದು ಮೊದಲು ಬರಬೇಕು. ಬದಲಾಯಿಸುವಾಗ ಎಲ್ಲೋ ಒಂದು ಕಡೆ ಕೈಕೊಡುತ್ತದೆ. ಮದುವೆ ಕಾರ್ಡಿನಲ್ಲಾದರೆ ಬೈಸಿಕೊಳ್ಳಬಹುದು. ಕ್ರಯಪತ್ರದಲ್ಲಿ ಹೆಸರಿನ ಒಂದು ಅಕ್ಷರ ತಪ್ಪಿದರೆ ಆ ರೈತ ಮತ್ತೆ ತಿದ್ದುಪಡಿ ಪತ್ರ ಮಾಡಿಸಬೇಕು, ಮತ್ತೆ ಸಬ್ ರಿಜಿಸ್ಟ್ರಾರ್ ಆಫೀಸು, ಮತ್ತೆ ಖರ್ಚು. ಇದೆಲ್ಲ ಆ ಪಟ್ಟಿ ಬರೆದವರ ತಲೆಗೆ ಹೊಳೆದಿರುತ್ತದೆಯೇ?

ಒಂದು ದಾರಿ ಬಿಟ್ಟಿದ್ದಾರೆ. 2026ರ ಅಕ್ಟೋಬರ್ 13ರ ತನಕ 10ಕ್ಕೆ ಭದ್ರತಾ ಅಪ್‌ಡೇಟ್ ಕೊಡುವ ಯೋಜನೆ, ಇಎಸ್‌ಯು. 30 ಡಾಲರ್ ಕಟ್ಟಬೇಕು, ಇಲ್ಲವೇ ಅವರ ರಿವಾರ್ಡ್ ಪಾಯಿಂಟ್ 1,000 ಕೊಡಬೇಕು, ಇಲ್ಲವೇ ನಮ್ಮ ಸೆಟ್ಟಿಂಗ್ಸನ್ನೆಲ್ಲ ಅವರ ಕ್ಲೌಡ್‌ಗೆ ಬ್ಯಾಕಪ್ ಮಾಡಬೇಕು. ಯಾವುದಕ್ಕೇ ಆದರೂ ಮೈಕ್ರೋಸಾಫ್ಟ್ ಅಕೌಂಟ್ ಬೇಕೇ ಬೇಕು. ಇದು ಮನೆ ಬಳಕೆಯವರಿಗೆ. ದೊಡ್ಡ ಸಂಸ್ಥೆಗಳಿಗೆ ಒಂದು ಕಂಪ್ಯೂಟರಿಗೆ ಮೊದಲ ವರ್ಷ 61 ಡಾಲರ್, ಆಮೇಲೆ ಪ್ರತಿ ವರ್ಷ ದುಪ್ಪಟ್ಟು. ಒಂದು ಟೇಬಲ್ಲು, ಒಂದು ಪ್ರಿಂಟರ್ರು ಇಟ್ಟುಕೊಂಡ ನಮ್ಮಂಥವರನ್ನು ಲೆಕ್ಕಕ್ಕೇ ತಗೊಂಡಿಲ್ಲ.

ಯುರೋಪಿನಲ್ಲಿ ಗ್ರಾಹಕರ ಸಂಘಟನೆಗಳು ಜಗಳಕ್ಕೆ ನಿಂತವು. ಅಲ್ಲಿನ ದೇಶಗಳವರಿಗೆ ಬ್ಯಾಕಪ್ ಷರತ್ತು ತೆಗೆದು ಒಂದು ವರ್ಷ ಬಿಟ್ಟಿ ಕೊಟ್ಟರು. ಅಕೌಂಟಿನಲ್ಲಿ ಲಾಗಿನ್ ಆಗಿದ್ದರೆ ಸಾಕು. ನಮಗೆ ಯಾಕಿಲ್ಲ? ನಾವು ಕೊಟ್ಟ ದುಡ್ಡು ದುಡ್ಡಲ್ವಾ? ನಮ್ಮ ಪರವಾಗಿ ಕೇಳುವವರು ಇಲ್ಲ, ಅಷ್ಟೆ. ಇಲ್ಲಿ ಎಷ್ಟು ಟೈಪಿಂಗ್ ಅಂಗಡಿ, ಎಷ್ಟು ಶಾಲೆಯ ಕಂಪ್ಯೂಟರ್ ಕೋಣೆ, ಎಷ್ಟು ಸೈಬರ್ ಸೆಂಟರ್‌ಗಳಲ್ಲಿ ಇದೇ ಹಳೇ ಜನರೇಷನ್ ಓಡುತ್ತಿವೆ ಅನ್ನುವುದು ಬಿ.ಎಚ್. ರಸ್ತೆಯಿಂದ ಶಿರಾ ಗೇಟ್ ತನಕ ಒಂದು ಸುತ್ತು ಹಾಕಿದರೆ ಗೊತ್ತಾಗುತ್ತದೆ.

ಆ ಕ್ಲೌಡ್ ವಿಷಯಕ್ಕೆ ನನಗೆ ಎಲ್ಲಕ್ಕಿಂತ ಜಾಸ್ತಿ ಸಿಟ್ಟು. ಅಕೌಂಟ್ ಹಾಕಿದ ಮೇಲೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರ್ ಎಲ್ಲ ಒನ್‌ಡ್ರೈವ್‌ಗೆ ಹಾಕಿ ಅಂತ ಪದೇ ಪದೇ ಕೇಳುತ್ತದೆ. ನನ್ನ ಡೆಸ್ಕ್‌ಟಾಪ್‌ನಲ್ಲಿ ಇರುವುದು ನನ್ನ ಫೋಟೋ ಅಲ್ಲ. ಜನರ ಆಧಾರ್, ಪಾಸ್‌ಬುಕ್, ಜಮೀನಿನ ಪತ್ರ, ಗಂಡ ಹೆಂಡತಿ ಬಿಡುಗಡೆಯ ಅರ್ಜಿ. ನಂಬಿ ಕೊಟ್ಟಿರುತ್ತಾರೆ. ಅದನ್ನು ಎಲ್ಲಿಗೋ ಕಳಿಸಲು ನಾನು ಯಾರು? 5 ಜಿಬಿ ಬಿಟ್ಟಿ, ತುಂಬಿದ ಮೇಲೆ ದುಡ್ಡು ಕಟ್ಟಿ ಅಂತ ಮತ್ತೆ ಕಾಟ.

ಹೊಸ ಕಂಪ್ಯೂಟರ್ ಈಗ ಕೊಳ್ಳುವುದಿಲ್ಲ ಅಂತ ತೀರ್ಮಾನ ಮಾಡಿದ್ದೇನೆ. ಬೇರೆ ಮೇಲ್ ಐಡಿಯಲ್ಲಿ ಒಂದು ಅಕೌಂಟ್ ಮಾಡಿ, ಇಎಸ್‌ಯುಗೆ ಹಾಕಿ, ಸೆಟ್ಟಿಂಗ್ಸ್ ಮಾತ್ರ ಬ್ಯಾಕಪ್‌ಗೆ ಬಿಟ್ಟು, ಫೋಲ್ಡರ್‌ಗಳನ್ನೆಲ್ಲ ಆಫ್ ಮಾಡಿಸಿದ್ದೇನೆ. ಗಿರಾಕಿಗಳ ಫೈಲುಗಳನ್ನು ಸಂಜೆ ಹೊರಗಿನ ಹಾರ್ಡ್‌ಡಿಸ್ಕಿಗೆ ಹಾಕಿ ಕಿತ್ತಿಡುತ್ತೇನೆ. ಬ್ಯಾಂಕ್ ಕೆಲಸ ಅದರಲ್ಲಿ ಮಾಡುವುದಿಲ್ಲ. 38 ಸಾವಿರ ಇದ್ದರೆ ಮೊದಲು ಜೆರಾಕ್ಸ್ ಮಿಷನ್ನಿನ ಡ್ರಮ್ ಬದಲಾಯಿಸಬೇಕು, ಅದು ನಿಜವಾಗಿಯೂ ಸವೆದಿದೆ, ಪುಟದ ಅಂಚಿನಲ್ಲಿ ಕಪ್ಪು ಗೆರೆ ಬೀಳುತ್ತಿದೆ.

ಕಂಪ್ಯೂಟರ್ ಮಾರುವವರಿಗೆ ಒಂದು ಮಾತು. ಇನ್ನು ಮುಂದೆ ಬಿಲ್ಲಿನಲ್ಲಿ ಬರೆದು ಕೊಡಿ. ಈ ಮಾಲಿಗೆ ಯಾವ ವರ್ಷದ ತನಕ ಅಪ್‌ಡೇಟ್ ಸಿಗುತ್ತದೆ ಅಂತ. ಹಾಲಿನ ಪ್ಯಾಕೆಟ್ಟಿನ ಮೇಲೆ ತಾರೀಕು ಹಾಕುತ್ತಾರೆ, ಇಷ್ಟು ದುಡ್ಡಿನ ಸಾಮಾನಿಗೆ ಹಾಕಲು ಏನು ಕಷ್ಟ? 2018ರಲ್ಲಿ ನನಗೆ ಯಾರಾದರೂ ಆ ಒಂದು ಸಾಲು ಬರೆದುಕೊಟ್ಟಿದ್ದರೆ ಇನ್ನೊಂದೆರಡು ಸಾವಿರ ಸೇರಿಸಿ ಮೇಲಿನ ಜನರೇಷನ್ನೇ ತಗೊಳ್ಳುತ್ತಿದ್ದೆ.

ತುಮಕೂರಿನ ಟೈಪಿಂಗ್ ಅಂಗಡಿಯವರು ಯಾರಾದರೂ 11ಕ್ಕೆ ಹೋಗಿದ್ದರೆ ಹೇಳಿ. ಹಳೇ ನುಡಿ ಫೈಲುಗಳು ಅದರಲ್ಲಿ ಸರಿಯಾಗಿ ತೆರೆಯುತ್ತಿವೆಯೇ? ಹಳೇ ಪ್ರಿಂಟರಿನ ಡ್ರೈವರ್ ಕೂರುತ್ತಿದೆಯೇ? ಅಕ್ಟೋಬರ್ ಬರುವ ಮುಂಚೆ ನನಗೆ ಇದು ಗೊತ್ತಾಗಬೇಕು. ಮಾರುವವರ ಮಾತು ನಾನು ನಂಬುವುದಿಲ್ಲ.