ಇರುವೆಯ ಮಾತೇ ಇಲ್ಲವಲ್ಲ!
ದಾಸವಾಳದ ಹಿಟ್ಟು ತಿಗಣೆಗೆ (ಗಿಡದ ರಸ ಹೀರುವ, ಮೈಮೇಲೆ ಬಿಳಿ ಹಿಟ್ಟಿನಂಥ ಹೊದಿಕೆಯಿರುವ ಕೀಟ) ಬೇವಿನ ಎಣ್ಣೆ ಸಿಂಪಡಿಸಿ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ, ಸರಿ. ಆದರೆ ಇರುವೆಯನ್ನು ತಡೆಯದಿದ್ದರೆ ಸಿಂಪಡಿಸಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಬಸವನಗುಡಿಯ ನಮ್ಮ ತಾರಸಿಯಲ್ಲಿ ಎರಡು ತಿಂಗಳು ಸೋತ ಮೇಲೆ ಒಂದು ಬೆಳಗ್ಗೆ ಕನ್ನಡಕ ಹಾಕಿಕೊಂಡು ನೋಡಿದೆ: ಕುಂಡದ ಅಂಚಿನಿಂದ ಮೊಗ್ಗಿನವರೆಗೆ ಇರುವೆ ಸಾಲು! ತಿಗಣೆ ಒಸರುವ ಸಿಹಿ ಅಂಟಿನ ಆಸೆಗೆ ಅವು ತಿಗಣೆಗೆ ಕಾವಲು ನಿಲ್ಲುತ್ತವೆ, ಅದನ್ನು ತಿನ್ನಲು ಬರುವ ಗುಲಗಂಜಿ ಹುಳುವನ್ನು ಓಡಿಸುತ್ತವೆ. ಕುಂಡವನ್ನು ನೀರು ತುಂಬಿದ ತಟ್ಟೆಯ ನಡುವೆ ಇಟ್ಟಿಗೆಯ ಮೇಲೆ ಇಟ್ಟೆ. (ನೀರನ್ನು ಎರಡು ದಿನಕ್ಕೊಮ್ಮೆ ಚೆಲ್ಲಿ, ಇಲ್ಲವಾದರೆ ಡೆಂಗಿ ಸೊಳ್ಳೆಗೆ ತೊಟ್ಟಿಲು ಕಟ್ಟಿದಂತೆ.) ಆಮೇಲೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಬೆರೆಯಲು ನಾಲ್ಕು ಹನಿ ಸೋಪಿನ ದ್ರಾವಣ, ಅದೂ ಸಂಜೆ ಹೊತ್ತು, ಎಲೆಯ ಅಡಿಗೆ. ಮೂರನೆಯ ವಾರಕ್ಕೆ ಹೊಸ ಚಿಗುರು ಬಂತು.